ಉಪಗ್ರಹ ಮೈನಸ್ 98 ಡಿಗ್ರಿ ತೋರಿಸಿದ್ದರೂ ಚಳಿಯ ದಾಖಲೆ ಮೈನಸ್ 89.2 ಏಕೆ?

ಎರಡೂ ಅಳೆದದ್ದು ಒಂದನ್ನೇ ಅಲ್ಲ. ಅಂಟಾರ್ಕ್ಟಿಕಾದ ವೋಸ್ಟಾಕ್ ಕೇಂದ್ರದಲ್ಲಿ 1983ರ ಜುಲೈ 21ರಂದು ದಾಖಲಾದ ಮೈನಸ್ 89.2 ಡಿಗ್ರಿ ಸೆಲ್ಸಿಯಸ್ ಗಾಳಿಯದ್ದು. ಉಪಗ್ರಹ ಅಳೆಯುವುದು ಹಿಮದ ಮೇಲ್ಮೈಯನ್ನು. ಮೋಡವಿಲ್ಲದ ರಾತ್ರಿ ಹಿಮ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು, ಒಂದೆರಡು ಮೀಟರ್ ಮೇಲಿನ ಗಾಳಿಗಿಂತ ಜಾಸ್ತಿ ತಣ್ಣಗಾಗುತ್ತದೆ. ದಾಖಲೆಗೆ ಲೆಕ್ಕ ಆ ಗಾಳಿಯದ್ದೇ.

ಅಳೆಯುವುದೂ ಸುಲಭವಲ್ಲ. ಪಾದರಸ ಮೈನಸ್ 39ರ ಹತ್ತಿರವೇ ಗಟ್ಟಿಯಾಗಿಬಿಡುತ್ತದೆ! ಆಲ್ಕೋಹಾಲ್ ಅಥವಾ ಪ್ಲಾಟಿನಂ ಥರ್ಮಾಮೀಟರ್ ಬೇಕು.

ಇನ್ನು ಪರಿಶೀಲನೆ. ಗ್ರೀನ್‌ಲ್ಯಾಂಡ್‌ನ ಕ್ಲಿಂಕ್ ಹವಾಮಾನ ಕೇಂದ್ರದಲ್ಲಿ 1991ರ ಡಿಸೆಂಬರ್ 22ರಂದು ಮೈನಸ್ 69.6 ದಾಖಲಾಗಿತ್ತು. ವಿಶ್ವ ಹವಾಮಾನ ಸಂಸ್ಥೆ ಅದನ್ನು ಉತ್ತರಾರ್ಧಗೋಳದ ದಾಖಲೆ ಎಂದು ಒಪ್ಪಿದ್ದು 2020ರಲ್ಲಿ. ಸುಮ್ನೆ ಅಲ್ಲ, ಅಂದಿನ ಆ ಅಳತೆಯ ಕೆಲಸದಲ್ಲಿ ತೊಡಗಿದ್ದ ವಿಜ್ಞಾನಿಗಳನ್ನೇ ಹುಡುಕಿ ವಿಚಾರಿಸಿದ ಮೇಲೆ.