ಬೆಳಿಗ್ಗೆ ಕೇಳಬಾರದಿದ್ದ ಪ್ರಶ್ನೆ

(ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಲಾಗಿದೆ.)

ನಾಲ್ಕೂವರೆ ವರ್ಷದ ಬಾಲಕನೊಂದಿಗೆ ತಂದೆ ತಾಯಿ ಸಲಹೆಗಾಗಿ ನನ್ನ ಮುಂದೆ ಬಂದು ಕುಳಿತಾಗ, ಮೂವರಲ್ಲಿ ಲವಲವಿಕೆಯಿಂದಿದ್ದವನು ಅವನೊಬ್ಬನೇ. ಎರಡು ತಿಂಗಳಿಂದ ವಾರಕ್ಕೆ 3-4 ರಾತ್ರಿ, ನಿದ್ದೆ ಹತ್ತಿದ ಸುಮಾರು ಒಂದೂವರೆ ಗಂಟೆಗೆ ಅವನು ಚೀರಿಕೊಂಡು ಎದ್ದು ಕೂರುತ್ತಿದ್ದ. ಕಣ್ಣು ತೆರೆದಿದ್ದರೂ ತಾಯಿಯ ಗುರುತು ಹತ್ತುತ್ತಿರಲಿಲ್ಲ. ಮೈಯೆಲ್ಲ ಬೆವರಿ, ಅಪ್ಪಿಕೊಳ್ಳಲು ಹೋದವರನ್ನೇ ದೂಡಿ, ಐದಾರು ನಿಮಿಷಗಳಲ್ಲಿ ತಾನಾಗಿಯೇ ಮಲಗಿಬಿಡುತ್ತಿದ್ದ. ಒಮ್ಮೆ ತಂದೆ ಮುಖಕ್ಕೆ ನೀರು ಚಿಮುಕಿಸಿ, ಭುಜ ಹಿಡಿದು ಅಲುಗಾಡಿಸಿದಾಗ ಮಾತ್ರ ಅಬ್ಬರ ಇಪ್ಪತ್ತು ನಿಮಿಷ ನಡೆದಿತ್ತು.

ಇದು ಕೆಟ್ಟ ಕನಸಲ್ಲ, ನೈಟ್ ಟೆರರ್ ಎಂದು ಅವರಿಗೆ ವಿವರಿಸಿದೆ. ಕೆಟ್ಟ ಕನಸು ಸಾಮಾನ್ಯವಾಗಿ ರಾತ್ರಿಯ ಉತ್ತರಾರ್ಧದಲ್ಲಿ ಬೀಳುತ್ತದೆ. ಮಗು ಪೂರ್ತಿ ಎಚ್ಚರಗೊಂಡು ಅಮ್ಮನನ್ನು ತಬ್ಬಿಕೊಳ್ಳುತ್ತದೆ, ಕಂಡದ್ದನ್ನು ಹೇಳುತ್ತದೆ. ನೈಟ್ ಟೆರರ್ ಬರುವುದು ರಾತ್ರಿಯ ಮೊದಲ ಭಾಗದ ಗಾಢನಿದ್ರೆಯಿಂದ; ಮಿದುಳಿನ ಒಂದಂಶ ಎಚ್ಚರಗೊಂಡು ಉಳಿದದ್ದು ಇನ್ನೂ ನಿದ್ರೆಯಲ್ಲೇ ಇರುವುದರಿಂದ ಮಗು ಕಿರುಚುತ್ತದೆ, ಆದರೆ ಬೆಳಿಗ್ಗೆ ಅದಕ್ಕೆ ಏನೂ ನೆನಪಿರುವುದಿಲ್ಲ.

ನೆನಪಿರುವುದು ಹೆತ್ತವರಿಗೆ. ಈ ಮನೆಯಲ್ಲಿ ತೊಡಕು ಬೆಳೆದದ್ದೂ ಅಲ್ಲಿಂದಲೇ. ಪ್ರತಿದಿನ ಬೆಳಿಗ್ಗೆ ಹಾಸಿಗೆಯ ಪಕ್ಕದಲ್ಲೇ ತಾಯಿ, ‘ರಾತ್ರಿ ಏನು ಕಂಡೆ ಕಂದಾ, ಯಾರನ್ನು ನೋಡಿ ಹೆದರಿದೆ?’ ಎಂದು ಕೇಳುತ್ತಿದ್ದರು. ಮೊದಮೊದಲು ಸುಮ್ಮನೆ ನೋಡುತ್ತಿದ್ದ ಹುಡುಗ, ಅಮ್ಮನಿಗೆ ಏನೋ ಉತ್ತರ ಬೇಕಾಗಿದೆ ಎಂದು ಅರಿತು, ಬಾಗಿಲ ಹಿಂದೆ ಒಬ್ಬ ಕರಿಯ ಮನುಷ್ಯನನ್ನು ಕಲ್ಪಿಸಿಕೊಟ್ಟ. ಕೆಲವೇ ದಿನಗಳಲ್ಲಿ ತಾನೇ ಕಟ್ಟಿದ ಆ ಮನುಷ್ಯನಿಗೆ ತಾನೇ ಹೆದರಿ ಮಲಗಲು ಒಲ್ಲೆನೆಂದ. ಮಲಗುವುದು ತಡವಾದಷ್ಟೂ ನಿದ್ದೆ ಕಡಿಮೆಯಾಯಿತು, ನಿದ್ದೆ ಕಡಿಮೆಯಾದಷ್ಟೂ ಚೀರಾಟ ಹೆಚ್ಚಿತು. ತಾಯಿಯನ್ನು ದೂಷಿಸಲು ನನಗೆ ಮನಸ್ಸಿಲ್ಲ, ಪ್ರೀತಿ ಇರುವವರೇ ಕೇಳುವ ಪ್ರಶ್ನೆ ಅದು.

ಎರಡು ವಾರ ನಿದ್ದೆಯ ದಿನಚರಿ ಬರೆದಿಡಲು ಹೇಳಿದೆ. ಮಧ್ಯಾಹ್ನದ ನಿದ್ದೆಯನ್ನು ಎರಡೂವರೆ ತಿಂಗಳ ಹಿಂದೆಯಷ್ಟೇ ಬಿಡಿಸಲಾಗಿತ್ತು, ರಾತ್ರಿ ಮಲಗುವ ಹೊತ್ತನ್ನು ಮಾತ್ರ ಮುಂಚೆ ಮಾಡಿರಲಿಲ್ಲ. ದಣಿದ ಮಗುವಿನ ಗಾಢನಿದ್ರೆ ಇನ್ನಷ್ಟು ಆಳವಾಗುತ್ತದೆ. ಅದರಿಂದ ಹೊರಬರುವಾಗ ಎಡವುವುದೂ ಹೆಚ್ಚು. ಜ್ವರ, ಮನೆಯ ಒತ್ತಡ, ತುಂಬಿದ ಮೂತ್ರಕೋಶ ಕೂಡ ಇದನ್ನು ಕೆರಳಿಸಬಲ್ಲವು. ತಂದೆಗೆ ಬಾಲ್ಯದಲ್ಲಿ ನಿದ್ದೆಯಲ್ಲಿ ನಡೆಯುವ ರೂಢಿಯಿತ್ತೆಂಬುದೂ ಆಗ ತಿಳಿಯಿತು. ಈ ಪ್ರವೃತ್ತಿ ವಂಶದಲ್ಲಿ ಹರಿದುಬರುವುದುಂಟು.

ಸಲಹೆ ಸರಳವಾಗಿತ್ತು, ಪಾಲಿಸುವುದು ಕಷ್ಟವಾಗಿತ್ತು. ಮಲಗುವ ಹೊತ್ತನ್ನು ಒಂದು ಗಂಟೆ ಮುಂಚೆ ಮಾಡಿ ಪ್ರತಿದಿನ ಅದನ್ನೇ ಪಾಲಿಸಬೇಕು. ಚೀರಾಟ ಶುರುವಾದರೆ ಎಬ್ಬಿಸಬಾರದು, ಹಿಡಿದು ಅದುಮಬಾರದು. ಬಿದ್ದು ಪೆಟ್ಟಾಗದಂತೆ ಪಕ್ಕದಲ್ಲಿದ್ದು, ಮೆಲುದನಿಯಲ್ಲಿ ಒಂದೆರಡು ಮಾತಾಡಿ ಕಾಯಬೇಕು. ಬೆಳಿಗ್ಗೆ ಆ ವಿಷಯವನ್ನೇ ಎತ್ತಬಾರದು. ಹೆಚ್ಚು ಕಡಿಮೆ ಒಂದೇ ವೇಳೆಗೆ ಬರುತ್ತಿದ್ದುದರಿಂದ, ಅದಕ್ಕೆ 15-20 ನಿಮಿಷ ಮೊದಲು ಮೈ ತಟ್ಟಿ ತುಸು ಮಿಸುಕಾಡಿಸಿ ಮತ್ತೆ ಮಲಗಿಸುವ ಕ್ರಮವನ್ನು ಮೂರು ವಾರ ನಡೆಸಲು ತಿಳಿಸಿದೆ. ಬಾಗಿಲ ಹಿಂದಿನ ಮನುಷ್ಯನ ಬಗ್ಗೆ ವಾದ ಬೇಡ, ಹಗಲಿನಲ್ಲಿ ಅವನ ಚಿತ್ರ ಬರೆಸಿ ಎಂದೆ. ಹುಡುಗ ಅವನಿಗೆ ದೊಡ್ಡ ಟೋಪಿ ತೊಡಿಸಿ ನಕ್ಕನಂತೆ.

ಮೊಬೈಲಿನಲ್ಲಿ ಒಂದು ವಿಡಿಯೊ ತೆಗೆದು ಮಕ್ಕಳ ವೈದ್ಯರಿಗೆ ತೋರಿಸಲೂ ಹೇಳಿದ್ದೆ. ಒಂದೇ ರಾತ್ರಿ ಹಲವು ಸಲ ಒಂದೇ ಬಗೆಯಲ್ಲಿ ಮರುಕಳಿಸುವುದು, ಕೈಕಾಲು ಸೆಟೆದುಕೊಳ್ಳುವುದು ಅಥವಾ ಲಯಬದ್ಧವಾಗಿ ಅದುರುವುದು ಕಂಡರೆ ಅಪಸ್ಮಾರವನ್ನು ಶಂಕಿಸಬೇಕು. ಜೋರು ಗೊರಕೆ, ಉಸಿರು ತಡೆತಡೆದು ಬರುವುದಿದ್ದರೆ ಉಸಿರಾಟದ ಪರೀಕ್ಷೆ ಬೇಕು. ಇವನಲ್ಲಿ ಅಂಥದ್ದೇನೂ ಇರಲಿಲ್ಲ, ಔಷಧಿಯ ಅಗತ್ಯವೂ ಬೀಳಲಿಲ್ಲ.

ಆರನೆಯ ವಾರದ ಹೊತ್ತಿಗೆ ಒಂದೇ ಒಂದು ರಾತ್ರಿ, ಅದೂ ಜ್ವರ ಬಂದ ದಿನ, ಚೀರಿದ್ದ. ಆದರೆ ಮಗ ಮಲಗಿದ ಒಂದೂವರೆ ಗಂಟೆಗೆ ತಾಯಿಯ ಎದೆ ಇನ್ನೂ ತಾನಾಗಿ ಹೊಡೆದುಕೊಳ್ಳತೊಡಗುತ್ತದೆಯಂತೆ. ಮುಂದಿನ ಭೇಟಿಗೆ ಅವರೊಬ್ಬರನ್ನೇ ಬರಹೇಳಿದ್ದೇನೆ.