ಒಟ್ಟಿಗೆ ಬಿಟ್ರೆ ಕಚ್ಚಾಡಲ್ವಾ?

ನಿಮ್ಮ ಪತ್ರ ಉದ್ದ ಇತ್ತು, ಬೇರೆ ಓದುಗರಿಗೋಸ್ಕರ ಚಿಕ್ಕದಾಗಿ ಹೇಳಿಬಿಡ್ತೀನಿ. ನೀವು ವಾಲಂಟಿಯರ್ ಆಗಿರೋ ಶೆಲ್ಟರಿಗೆ ಹೊಸ ಮ್ಯಾನೇಜರ್ ಬಂದಿದಾರೆ, ದಿನಾ ನಾಯಿಗಳನ್ನ ಗುಂಪಾಗಿ ಆಟಕ್ಕೆ ಬಿಡೋಣ, ಅಡಾಪ್ಷನ್ ಜಾಸ್ತಿ ಆಗತ್ತೆ ಅಂತಿದಾರೆ. ಹಳಬರು ರಕ್ತ ಹರಿಯತ್ತೆ, ಬೇಡವೇ ಬೇಡ ಅಂತಿದಾರೆ. ನಿಮ್ಮ ಪ್ರಶ್ನೆ ಏನಂದ್ರೆ, ನಾಯಿ ನಾಯಿ ಜೊತೆ ಆಡಿದ್ರೆ ಮನುಷ್ಯರಿಗೆ ಅದು ಯಾಕೆ ಇಷ್ಟ ಆಗ್ಬೇಕು, ಇನ್ನೂ ತಲೆಹರಟೆ ಆಗಲ್ವಾ ಅಂತ.

ಮ್ಯಾನೇಜರ್ ಹೇಳ್ತಿರೋದು ಸರಿ. ಆದ್ರೆ ಎಲ್ಲಾ ಗೇಟು ಒಟ್ಟಿಗೆ ತೆಗೆಯೋ ಪ್ಲಾನ್ ಇದ್ರೆ ಹಳಬರ ಭಯಾನೂ ಸರಿ.

ಅಡಾಪ್ಟ್ ಮಾಡ್ಕೊಳ್ಳೋಕೆ ಬಂದೋರು ಮೊದಲು ನೋಡೋದು ಕೆನಲ್ ಕಂಬಿ ಹಿಂದಿನ ನಾಯೀನ, ಬೊಗಳ್ತಾ, ಸುತ್ತಾ, ಗೇಟಿಗೆ ಹಾರ್ತಾ ಇರತ್ತೆ. ಎದುರಿಗೆ ಇನ್ನೊಂದು ನಾಯಿ ಕಾಣತ್ತೆ, ಮುಟ್ಟೋಕಾಗಲ್ಲ, ಮೂಸೋಕಾಗಲ್ಲ, ದಿನವಿಡೀ ಅದೇ ಕಥೆ, ಆ ಹತಾಶೆನೇ ಹೊರಗಿನೋರ ಕಣ್ಣಿಗೆ ಸಿಟ್ಟಿನ ಥರ ಕಾಣತ್ತೆ. ಅದೇ ನಾಯಿ ಬಯಲಿಗೆ ಬಂದ್ರೆ ಎಷ್ಟೋ ಸಲ ಮೂಸಿ ಬಾಲ ಆಡಿಸಿ ಸುಮ್ಮನಾಗತ್ತೆ. ಹಾಗಂತ ಬೊಗಳೋ ನಾಯಿ ಕಚ್ಚಲ್ಲ ಅನ್ನೋ ಗಾದೆ ನಂಬ್ಕೊಂಡು ಹೋಗ್ಬೇಡಿ, ಗಾದೆ ಮಾಡಿದೋರು ಬಂದು ನಿಮಗೆ ಇಂಜೆಕ್ಷನ್ ಕೊಡಿಸಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಪ್ರೊಟೊಪೊಪೊವಾ ಮತ್ತು ವಿನ್ ಅನ್ನೋ ಇಬ್ಬರು ಸಂಶೋಧಕರು ಶೆಲ್ಟರಿನಲ್ಲಿ ಜನ ಯಾವ ನಾಯೀನ ಒಪ್ಕೊಳ್ತಾರೆ ಅಂತ ಗಮನಿಸಿ 2014ರಲ್ಲಿ ಪ್ರಕಟಿಸಿದ್ರು. ಹೊರಗೆ ಕರ್ಕೊಂಡು ಹೋದ ನಾಯಿ ಜೊತೆ ಜನ ಕಳೆದಿದ್ದು ಸರಾಸರಿ 8 ನಿಮಿಷ ಅಷ್ಟೇ. ಅಷ್ಟರಲ್ಲಿ ಮುಖ್ಯ ಆಗಿದ್ದು ಎರಡೇ: ನಾಯಿ ಹತ್ತಿರ ಬಂದು ಮಲಗ್ತಾ, ಇವರು ಆಟಕ್ಕೆ ಕರೆದಾಗ ಸ್ಪಂದಿಸ್ತಾ ಇಲ್ಲ ಮುಖ ತಿರುಗಿಸ್ತಾ. ಈಗ ಯೋಚನೆ ಮಾಡಿ, ಬೆಳಗಿಂದ ಒಳಗೇ ಕೂತ ನಾಯೀನ ನೇರ ಆ 8 ನಿಮಿಷಕ್ಕೆ ಬಿಟ್ರೆ ಅದು ಗೋಡೆ, ಗಿಡ, ಕಂಬ ಎಲ್ಲಾ ಮೂಸ್ಕೊಂಡು ಓಡತ್ತೆ, ನಿಮ್ಮನ್ನ ತಿರುಗಿ ನೋಡತ್ತಾ? ಮೊದಲೇ ಓಡಿ ಕುಣಿದು ದಣಿದಿದ್ರೆ ಬಂದು ಕಾಲ ಹತ್ರ ಕೂರೋ ಸಾಧ್ಯತೆ ಹೆಚ್ಚು. ತಲೆಹರಟೆ ಕಮ್ಮಿ ಆಗೋ ದಾರಿ ಇದು.

ಇದೇನು ನಿಮ್ಮ ಮ್ಯಾನೇಜರ್ ಕಂಡುಹಿಡಿದಿದ್ದಲ್ಲ ಬಿಡಿ. ಅಮೆರಿಕದಲ್ಲಿ ಏಮಿ ಸ್ಯಾಡ್ಲರ್ ಅನ್ನೋ ಟ್ರೇನರ್ ಶುರು ಮಾಡಿದ 'ಡಾಗ್ಸ್ ಪ್ಲೇಯಿಂಗ್ ಫಾರ್ ಲೈಫ್' ಅನ್ನೋ ಸಂಸ್ಥೆ ಶೆಲ್ಟರ್ ಸಿಬ್ಬಂದಿಗೆ ಇದನ್ನೇ ಕಲಿಸತ್ತೆ. ನಾಯಿಗಳು ಹೊರಗಿದ್ದಾಗ ಕೆನಲ್ ತೊಳೆಯೋದೂ ಸಲೀಸು, ಅದನ್ನ ಹಳಬರಿಗೆ ಹೇಳಿ, ಅರ್ಧ ಜನ ಒಪ್ಕೊಳ್ತಾರೆ.

ಹೇಗೆ ಬಿಡ್ಬೇಕು ಅನ್ನೋದರಲ್ಲೇ ಎಲ್ಲಾ ಇರೋದು. ಯಾರ ಜೊತೆಗಾದ್ರೂ ಹೊಂದ್ಕೊಳ್ಳೋ ಸಮಾಧಾನದ ನಾಯಿ ಮೊದಲು ಆಟದ ಬೇಲಿಯೊಳಗೆ ಇರಲಿ, ಆಮೇಲೆ ಒಂದೊಂದಾಗಿ ಬರಲಿ, ಲೀಶ್ ಕೈಯಲ್ಲಿ ಬಿಗಿಯಾಗಿ ಹಿಡಿಯದೆ ನೆಲದ ಮೇಲೆ ಎಳ್ಕೊಂಡು ಓಡಾಡಲಿ, ಯಾಕಂದ್ರೆ ಬಿಗಿ ಹಿಡಿದಷ್ಟೂ ನಾಯಿ ಬಿಗಿಯಾಗತ್ತೆ. ಗೇಟಿನ ಹತ್ರ ಗುಂಪು ಸೇರೋಕೆ ಬಿಡ್ಬೇಡಿ, ಜಗಳ ಹುಟ್ಟೋ ಜಾಗ ಅದು. ಊಟದ ಬೌಲ್, ಚೆಂಡು, ಮೂಳೆ ಯಾವುದೂ ಒಳಗೆ ಬೇಡ. ಕೈಯಲ್ಲಿ ನೀರಿನ ಸ್ಪ್ರೇ ಇರಲಿ. ವ್ಯಾಕ್ಸಿನ್ ಆಗದಿರೋ ಮರಿ, ಕೆಮ್ತಿರೋ ನಾಯಿ, ಬೆದೆಗೆ ಬಂದ ಹೆಣ್ಣು ಇವು ಗುಂಪಿಗೆ ಬರಬಾರ್ದು, ತೀರಾ ಪುಟ್ಟವನ್ನ ದೊಡ್ಡವುಗಳ ಜೊತೆ ಓಡಿಸಬೇಡಿ.

ಗುರ್ ಅಂದ ತಕ್ಷಣ ಕಿರುಚ್ಕೊಂಡು ಓಡ್ಬೇಡಿ, ಆಟದಲ್ಲೂ ಗುರ್ ಅಂತಾವೆ, ಕತ್ತು ಕಚ್ತಾವೆ. ಮುಂಗಾಲು ಬಗ್ಗಿಸಿ ಹಿಂಭಾಗ ಎತ್ತೋದು, ಸಡಿಲ ಮೈ, ನಡುನಡುವೆ ನಿಲ್ಲೋದು, ಈಗ ಅಟ್ಟಿಸ್ಕೊಂಡು ಹೋದದ್ದು ಆಮೇಲೆ ತಾನೇ ಓಡೋದು, ಇವೆಲ್ಲ ಆಟ. ಮೈ ಸೆಟೆದು, ಬಾಯಿ ಮುಚ್ಚಿ, ಒಂದನ್ನೇ ನೆಟ್ಟ ನೋಟದಲ್ಲಿ ನೋಡ್ತಿದ್ರೆ ಆಗ ಆಟ ತಡೀರಿ. ಅನುಮಾನ ಇದ್ರೆ ಜೋರು ಮಾಡ್ತಿರೋದನ್ನ ಲೀಶ್ ಹಿಡ್ಕೊಂಡು ಒಂದ್ನಿಮಿಷ ನಿಲ್ಲಿಸಿ, ಇನ್ನೊಂದು ತಾನಾಗೇ ವಾಪಸ್ ಬಂದು ಕೆಣಕಿದ್ರೆ ಅದಕ್ಕೂ ಇಷ್ಟ ಇದೆ ಅಂತರ್ಥ, ದೂರ ಹೋಗಿ ಮೂಲೇಲಿ ನಿಂತ್ರೆ ಆಟ ಮುಗೀತು.

ನನಗೆ ದೊಡ್ಡ ಲಾಭ ಅನ್ನಿಸೋದು ಅಲ್ಲಿ ಸಿಗೋ ಮಾಹಿತಿ. ಕಾರ್ಡಲ್ಲಿ 'ತುಂಬಾ ಫ್ರೆಂಡ್ಲಿ' ಅಂತ ಎಲ್ಲರೂ ಬರೀತಾರೆ, ಅದರಿಂದ ಏನು ಗೊತ್ತಾಗತ್ತೆ? 'ಒರಟಾಟ ಇಷ್ಟ, ಪುಟ್ಟ ನಾಯಿ ಇರೋ ಮನೆ ಬೇಡ' ಅಂತ ಬರೆದ್ರೆ ಸರಿಯಾದ ಮನೆಯವರು ಬರ್ತಾರೆ, ವಾಪಸ್ ತಂದುಬಿಡೋ ಸಂಭವನೂ ಕಮ್ಮಿ. ಕೆಲವು ನಾಯಿಗಳಿಗೆ ಬೇರೆ ನಾಯಿನೇ ಬೇಡ, ವಯಸ್ಸಾದವಂತೂ ಹೆಚ್ಚು. ಅವನ್ನ ಬಲವಂತ ಮಾಡ್ಬೇಡಿ, ವಾಕಿಂಗ್ ಕರ್ಕೊಂಡು ಹೋಗಿ, 'ಬೇರೆ ನಾಯಿ ಇಲ್ಲದ, ಇದೊಂದನ್ನೇ ಮುದ್ದು ಮಾಡೋ ಮನೆ ಬೇಕು' ಅಂತ ಬರೀರಿ.

ಮೊದಲ ದಿನ ಎರಡೇ ನಾಯಿ ಸಾಕು, ಹಳಬರನ್ನ ಬೇಲಿ ಆಚೆ ನಿಲ್ಲಿಸಿ ವಿಡಿಯೋ ಮಾಡೋಕೆ ಹೇಳಿ, ಅಡಾಪ್ಷನ್ ಪೋಸ್ಟಿಗೂ ಆಗತ್ತೆ. ಒಳಗಿರೋರ ಕೈಯಲ್ಲಿ ಮಾತ್ರ ಫೋನ್ ಇರಬಾರ್ದು.

– ಸಂ.