ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಲ್ವಾ? ಸಂಪಾದಕರ ಉತ್ತರ

ಈ ಸಲದ ಪತ್ರ ಬರೆದವರು ಹನ್ನೆರಡು ಜನರ ತಂಡವೊಂದನ್ನು ನೋಡಿಕೊಳ್ಳುತ್ತಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ತಂಡದ ಒಬ್ಬಾಕೆ ಖಿನ್ನತೆಯ ಕಾರಣ ಎರಡು ತಿಂಗಳು ರಜೆಯಲ್ಲಿದ್ದು ಈಗ ಕೆಲಸಕ್ಕೆ ಮರಳುತ್ತಿದ್ದಾರೆ. ಜೊತೆಗೆ ವೈದ್ಯರ ಪತ್ರವೂ ಬಂದಿದೆ: ಮೊದಲ ಕೆಲವು ವಾರ ಅರ್ಧ ದಿನ ಸಾಕು, ಬೆಳಗ್ಗೆ ಸ್ವಲ್ಪ ತಡವಾಗಿ ಬರಲು ಬಿಡಿ, ವಾರಕ್ಕೊಮ್ಮೆ ಕೌನ್ಸೆಲಿಂಗ್‌ಗೆ ಸಮಯ ಕೊಡಿ. ಓದುಗರ ಕಷ್ಟ ಅವರ ಮಾತಲ್ಲೇ ಹೀಗಿದೆ: "ಆಕೆ ಒಳ್ಳೆಯ ಕೆಲಸಗಾರ್ತಿ, ಬಿಟ್ಟುಕೊಡಲು ಮನಸ್ಸಿಲ್ಲ. ಆದರೆ ಒಬ್ಬರಿಗೆ ಕೊಟ್ಟರೆ ಉಳಿದವರೂ ಕೇಳುತ್ತಾರೆ. ಟೆನ್ಷನ್ ಯಾರಿಗಿಲ್ಲ ಹೇಳಿ? ಹೋದ ವರ್ಷ ಬೆನ್ನಿನ ಆಪರೇಷನ್ ಆದವರಿಗೆ ಬೇರೆ ಕುರ್ಚಿ, ಕೆಳಗಿನ ಮಹಡಿಯಲ್ಲಿ ಜಾಗ ಕೊಟ್ಟಾಗ ಯಾರೂ ಮಾತಾಡಲಿಲ್ಲ. ಇದು ಹಾಗಲ್ಲವಲ್ಲ. ಹಗುರ ಕೆಲಸ ಕೊಟ್ಟು ಸುಮ್ನೆ ಇದ್ದುಬಿಡಲಾ?"

ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಹಗುರ ಕೆಲಸ ಕೊಟ್ಟು ಸುಮ್ಮನಿರಬೇಡಿ. ನಿಮ್ಮ ಮನಸ್ಸು ಒಳ್ಳೆಯದೇ, ಆದರೆ ಎರಡು ತಿಂಗಳು ಮನೆಯಲ್ಲಿ ಕೂತು "ನಾನು ಯಾತಕ್ಕೂ ಬಾರದವಳು" ಎಂದುಕೊಂಡ ಮನುಷ್ಯಳಿಗೆ ನೀವು ಫೈಲು ಜೋಡಿಸುವ ಕೆಲಸ ಕೊಟ್ಟರೆ, ಆಕೆ ಅಂದುಕೊಂಡಿದ್ದೇ ನಿಜ ಎಂದು ಹೇಳಿದ ಹಾಗಾಗುತ್ತದೆ. ಬೆನ್ನುನೋವಿನವರಿಗೆ ನೀವೇನು ಮಾಡಿದಿರಿ? ಅವರ ಕೆಲಸ ಕಿತ್ತುಕೊಳ್ಳಲಿಲ್ಲ. ಅದೇ ಕೆಲಸವನ್ನು ಬೇರೆ ಕುರ್ಚಿಯಲ್ಲಿ ಕೂತು ಮಾಡಲು ಬಿಟ್ಟಿರಿ. ಇಲ್ಲೂ ಅಷ್ಟೇ ಮಾಡಬೇಕಾದ್ದು. ಕೆಲಸ ಅದೇ ಇರಲಿ, ಮಾಡುವ ರೀತಿಯಲ್ಲಿ ಎಲ್ಲಿ ತೊಡಕಾಗುತ್ತಿದೆಯೋ ಅಲ್ಲಿ ಬದಲಾವಣೆ ಮಾಡಿ.

ಟೆನ್ಷನ್ ಯಾರಿಗಿಲ್ಲ ಎಂದು ಕೇಳಿದ್ದೀರಿ. ಎಲ್ಲರಿಗೂ ಇದೆ, ನಿಜ. ಆದರೆ ವೈದ್ಯರು ಖಿನ್ನತೆ ಎಂದು ಹೇಳಬೇಕಾದರೆ ಕನಿಷ್ಠ ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿರಬೇಕು, ಇಲ್ಲವೇ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿರಬೇಕು. ಅದರ ಜೊತೆಗೆ ನಿದ್ದೆ ಕೆಡುವುದು, ಗಮನ ನಿಲ್ಲದಿರುವುದು, ಸಣ್ಣ ವಿಷಯಕ್ಕೂ ತೀರ್ಮಾನ ತೆಗೆದುಕೊಳ್ಳಲಾಗದಿರುವುದು ಇಂಥ ಲಕ್ಷಣಗಳು ಸೇರಿಕೊಂಡಿರುತ್ತವೆ. ಗಮನ, ನೆನಪು, ತೀರ್ಮಾನ ಇವೇ ಅಲ್ವಾ ಆಫೀಸಿನ ಕೆಲಸಕ್ಕೆ ಬೇಕಾದ್ದು? ಬೆನ್ನು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಅದಕ್ಕೇ ಗೊಣಗಾಟದ ಭಯ. ಈ ಕಾಯಿಲೆಗಳು ಅಪರೂಪವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ದುಡಿಯುವ ವಯಸ್ಸಿನವರಲ್ಲಿ 15 ಶೇಕಡ ಜನರಿಗೆ ಯಾವುದಾದರೂ ಒಂದು ಮಾನಸಿಕ ಕಾಯಿಲೆ ಇತ್ತು. ನಿಮ್ಮ ಹನ್ನೆರಡು ಜನರಲ್ಲಿ ಈಕೆ ಒಬ್ಬರೇ ಎಂದುಕೊಳ್ಳಬೇಡಿ. ಬಾಯಿ ಬಿಟ್ಟು ಹೇಳಿದವರು ಈಕೆ, ಅಷ್ಟೇ.

ತೊಡಕು ಎಂದೆನಲ್ಲ, ಹತ್ತಿರದಿಂದ ನೋಡೋಣ. ಬೆಳಗ್ಗೆ ಒಂಬತ್ತಕ್ಕೆ ಮೀಟಿಂಗ್. ರಾತ್ರಿ ತೆಗೆದುಕೊಂಡ ಮಾತ್ರೆಯ ಮಂಪರು ಇನ್ನೂ ಇಳಿದಿಲ್ಲ. ನೀವು ನಡೆದಾಡುತ್ತಲೇ ಐದು ಕೆಲಸ ಹೇಳುತ್ತೀರಿ, ಮಧ್ಯೆ ಇಬ್ಬರು ಬಾಯಿ ಹಾಕುತ್ತಾರೆ, ಒಂದು ತಾರೀಖು ಬದಲಾಗುತ್ತದೆ. ಆಕೆ ತಲೆಯಾಡಿಸುತ್ತಾರೆ. ತನ್ನ ಟೇಬಲ್ಲಿಗೆ ಬಂದು ಕೂರುವಷ್ಟರಲ್ಲಿ ಐದರಲ್ಲಿ ಎರಡು ಮಾತ್ರ ನೆನಪಿದೆ, ಉಳಿದದ್ದನ್ನು ಮತ್ತೆ ಕೇಳಲು ನಾಚಿಕೆ. ಸಂಜೆ ನೀವು "ಹೇಳಿದ್ದೆನಲ್ಲ" ಅನ್ನುತ್ತೀರಿ. ಇದರಲ್ಲಿ ಆಕೆಯ ಸಾಮರ್ಥ್ಯದ ಪ್ರಶ್ನೆ ಎಲ್ಲಿದೆ? ಮೀಟಿಂಗನ್ನು ಹನ್ನೊಂದಕ್ಕೆ ಇಡಿ. ಮುಗಿದ ಮೇಲೆ ಯಾರಿಗೆ ಯಾವ ಕೆಲಸ, ಯಾವತ್ತಿಗೆ ಎಂದು ಐದು ಸಾಲಿನ ಮೆಸೇಜ್ ಹಾಕಿ. ಆಕೆಯ ಸಮಸ್ಯೆಯ ಅರ್ಧ ಅಲ್ಲೇ ಮುಗಿಯಬಹುದು, ಉಳಿದ ಹನ್ನೊಂದು ಜನರೂ ಥ್ಯಾಂಕ್ಸ್ ಹೇಳುತ್ತಾರೆ. ದುಡ್ಡು ಖರ್ಚಾಗುತ್ತದೆ ಎಂಬ ಹೆದರಿಕೆಯೂ ಬೇಡ. ಅಮೆರಿಕದಲ್ಲಿ ಜಾಬ್ ಅಕಾಮಡೇಷನ್ ನೆಟ್‌ವರ್ಕ್ ಎಂಬ ಸಂಸ್ಥೆ ಇಂಥ ಬದಲಾವಣೆಗಳ, ಅಂದರೆ ಕಾಯಿಲೆ ಅಥವಾ ಅಂಗವೈಕಲ್ಯ ಇರುವವರಿಗಾಗಿ ಕೆಲಸದಲ್ಲಿ ಮಾಡಿಕೊಡುವ ಹೊಂದಾಣಿಕೆಗಳ ಬಗ್ಗೆ ವರ್ಷಗಳಿಂದ ಉದ್ಯೋಗದಾತರನ್ನು ಕೇಳುತ್ತಾ ಬಂದಿದೆ. ಸುಮಾರು ಅರ್ಧದಷ್ಟು ಹೊಂದಾಣಿಕೆಗಳಿಗೆ ಒಂದು ಪೈಸೆಯೂ ಖರ್ಚಾಗಿಲ್ಲ ಎಂದು ಆ ಉದ್ಯೋಗದಾತರೇ ಹೇಳಿದ್ದಾರೆ.

ಈ ಮೀಟಿಂಗಿನ ಉದಾಹರಣೆ ಎಲ್ಲರಿಗೂ ಹೊಂದುವುದಿಲ್ಲ. ಮನಸ್ಸು ಕೆಲಕಾಲ ಅತಿ ಉತ್ಸಾಹಕ್ಕೂ ಕೆಲಕಾಲ ಖಿನ್ನತೆಗೂ ಹೋಗುವ ಬೈಪೋಲಾರ್ ಕಾಯಿಲೆ ಇರುವವರಿಗೆ ನೈಟ್ ಶಿಫ್ಟ್ ತಪ್ಪಿಸುವುದೇ ದೊಡ್ಡ ಸಹಾಯ, ಯಾಕೆಂದರೆ ನಿದ್ದೆ ಕೆಟ್ಟರೆ ಕಾಯಿಲೆ ಮರುಕಳಿಸಬಹುದು. ಅದಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ಆಗಾಗ ರಕ್ತಪರೀಕ್ಷೆಗೆ ಹೋಗಿಬರಲು ಸಮಯ ಬೇಕು. ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ವಿಪರೀತ ಭಯ, ಬರುವವರಿಗೆ ಬಾಗಿಲ ಹತ್ತಿರದ ಸೀಟು, ಹತ್ತು ನಿಮಿಷ ಎದ್ದುಹೋದರೂ ಯಾರೂ ಪ್ರಶ್ನೆ ಮಾಡದ ಸ್ವಾತಂತ್ರ್ಯ ಸಾಕಾಗಬಹುದು. ಹಾಗಾಗಿ ಇಂಥ ಕಾಯಿಲೆಗೆ ಇಂಥ ಸೌಲಭ್ಯ ಎಂಬ ಪಟ್ಟಿ ಹುಡುಕುತ್ತಾ ಕೂರಬೇಡಿ. ಆಕೆಯನ್ನೇ ಕೇಳಿ. "ನಿಮಗೆ ಏನಾಗಿದೆ" ಎಂದಲ್ಲ. ಆ ವಿವರ ವೈದ್ಯರಿಗೂ ಆಕೆಗೂ ಬಿಟ್ಟದ್ದು. "ದಿನದಲ್ಲಿ ಯಾವ ಹೊತ್ತು ಕಷ್ಟ? ಯಾವ ಕೆಲಸ ಬಂದಾಗ ಎದೆ ಹೊಡೆದುಕೊಳ್ಳುತ್ತೆ? ಯಾವುದನ್ನು ಈಗಲೂ ಸಲೀಸಾಗಿ ಮಾಡ್ತೀರಿ?" ಎಂದು ಕೇಳಿ. ಮೂರನೆಯ ಪ್ರಶ್ನೆಯನ್ನು ಮರೆಯಲೇಬೇಡಿ.

ಇದೆಲ್ಲ ನಿಮ್ಮ ಔದಾರ್ಯ ಎಂದುಕೊಳ್ಳುವುದೂ ಬೇಡ. 2006ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ, ಮಿತಿಮೀರಿದ ಹೊರೆಯಾಗದ ಹೊಂದಾಣಿಕೆಯನ್ನು ನಿರಾಕರಿಸುವುದೇ ಒಂದು ತಾರತಮ್ಯ ಎಂದಿದೆ. ದೀರ್ಘಕಾಲದ ಮಾನಸಿಕ ತೊಂದರೆಗಳೂ ಅದರೊಳಗೆ ಬರುತ್ತವೆ. ಅಮೆರಿಕದ 1990ರ ಅಂಗವಿಕಲರ ಕಾಯ್ದೆ, ಬ್ರಿಟನ್ನಿನ 2010ರ ಸಮಾನತೆಯ ಕಾಯ್ದೆ, ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಲ್ಲವೂ ಈ ಹೊಂದಾಣಿಕೆಯ ಮಾತಾಡುತ್ತವೆ. ಭಾರತದ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅರೆಸೇನಾ ಪಡೆಯ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನೌಕರನ ಮೇಲೆ ಶಿಸ್ತುಕ್ರಮ ಶುರುವಾಗಲು ಆತನ ಮಾನಸಿಕ ಅಂಗವೈಕಲ್ಯವೂ ಒಂದು ಕಾರಣವಾಗಿದ್ದರೆ, ಆ ಕ್ರಮವೇ ತಾರತಮ್ಯ ಆಗುತ್ತದೆ ಎಂದು ಹೇಳಿತು. ನೌಕರಿಯಲ್ಲಿರುವ ಪ್ರತಿಯೊಬ್ಬ ಮ್ಯಾನೇಜರ್‌ಗೂ ಇದು ಗೊತ್ತಿರಬೇಕು ಎಂದು ನನ್ನ ಬಲವಾದ ಅಭಿಪ್ರಾಯ. "ತಡವಾಗಿ ಬಂದರು, ಮೆಮೋ ಕೊಡಿ" ಎಂದು ಹೊರಡುವ ಮೊದಲು ಯಾಕೆ ತಡವಾಯಿತು ಎಂದು ಕೇಳುವ ಜವಾಬ್ದಾರಿ ನಮ್ಮದು.

ಹಾಗಂತ ಕೇಳಿದ್ದೆಲ್ಲ ಕೊಡಬೇಕು ಅಂತಲ್ಲ. ಕೌಂಟರಿನಲ್ಲಿ ಜನರ ಎದುರು ಕೂತು ಮಾಡುವ ಕೆಲಸವನ್ನು ಮನೆಯಿಂದ ಮಾಡಲಾಗದು. ಹನ್ನೆರಡು ಜನರ ತಂಡಕ್ಕೆ ಸಾವಿರ ಜನರ ಕಂಪನಿಯಷ್ಟು ಅವಕಾಶವೂ ಇರುವುದಿಲ್ಲ. ಆಗದ್ದನ್ನು ಆಗದು ಎನ್ನಿ, ಆದರೆ ಅಷ್ಟಕ್ಕೇ ಬಾಗಿಲು ಹಾಕಬೇಡಿ. ಅದರ ಬದಲು ಏನು ಸಾಧ್ಯ ಎಂದೂ ಹೇಳಿ.

ಈಗ ನಿಮ್ಮ ನಿಜವಾದ ಭಯಕ್ಕೆ ಬರೋಣ: ಉಳಿದವರು. ಗೊಣಗಾಟ ಹುಟ್ಟುವುದು ಆಕೆ ಹತ್ತೂವರೆಗೆ ಬಂದರು ಎಂಬುದಕ್ಕಿಂತ ಜಾಸ್ತಿ, ಆಕೆಯ ಉಳಿದರ್ಧ ಕೆಲಸ ಸದ್ದಿಲ್ಲದೆ ಪಕ್ಕದವರ ತಲೆಗೆ ಬಂತು ಎಂಬುದರಿಂದ. ಅದು ನ್ಯಾಯವಾದ ಸಿಟ್ಟು. ಆದ್ದರಿಂದ ಆ ಕೆಲಸ ಯಾರಿಗೆ, ಎಷ್ಟು ವಾರ, ಅದಕ್ಕೆ ಬದಲಾಗಿ ಅವರ ಯಾವ ಕೆಲಸ ಮುಂದಕ್ಕೆ ಹೋಗುತ್ತದೆ ಎಂಬುದನ್ನು ಮೊದಲೇ ತೀರ್ಮಾನಿಸಿ. ತಂಡಕ್ಕೆ ಹೇಳಬೇಕಾದ್ದು ಒಂದೇ ಮಾತು: "ಮುಂದಿನ ಕೆಲವು ವಾರ ಅವರ ವೇಳೆ ಬೇರೆ ಇರುತ್ತೆ, ಕೆಲಸ ಹೀಗೆ ಹಂಚಿದ್ದೇನೆ." ಯಾಕೆ ಎಂದು ಯಾರಾದರೂ ಕೇಳಿದರೆ, ನಿಮ್ಮ ಖಾಸಗಿ ವಿಷಯವನ್ನೂ ನಾನು ಇನ್ನೊಬ್ಬರಿಗೆ ಹೇಳುವುದಿಲ್ಲ ಎನ್ನಿ. ಇನ್ನೊಬ್ಬರು ಬಂದು ತಮ್ಮ ಕಷ್ಟ ಹೇಳಿಕೊಂಡರೆ ಅವರನ್ನೂ ಕೂರಿಸಿ ಇದೇ ಮೂರು ಪ್ರಶ್ನೆ ಕೇಳಿ. ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಎಂದಿರಲ್ಲ, ಕೇಳಲಿ ಬಿಡಿ, ಕೇಳುವ ಧೈರ್ಯ ಇರುವ ತಂಡ ಒಳ್ಳೆಯದು. ಒಂದು ವೇಳೆ ನಾಲ್ಕೈದು ಜನ ಒಂದೇ ದೂರು ತಂದರೆ ತೊಂದರೆ ಜನರಲ್ಲಿಲ್ಲ, ಕೆಲಸದ ಹೊರೆಯಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯೂ ಒಬ್ಬೊಬ್ಬರಿಗೆ ಹೊಂದಾಣಿಕೆ ಮಾಡುವುದರ ಜೊತೆಗೆ ಕೆಲಸದ ಪರಿಸ್ಥಿತಿಯನ್ನೇ ಸರಿಪಡಿಸಿ, ಮ್ಯಾನೇಜರ್‌ಗಳಿಗೆ ತರಬೇತಿ ಕೊಡಿ ಎನ್ನುತ್ತದೆ.

ಒಪ್ಪಿಕೊಂಡಿದ್ದನ್ನು ಒಂದು ಪುಟದಲ್ಲಿ ಬರೆದಿಡಿ. ಬರುವ ಹೊತ್ತು, ಹೋಗುವ ಹೊತ್ತು, ಕೌನ್ಸೆಲಿಂಗ್ ದಿನ, ಅರ್ಧ ದಿನಕ್ಕೆ ಸಂಬಳದ ಲೆಕ್ಕ ಹೇಗೆ, ಮತ್ತೆ ಯಾವಾಗ ಕೂತು ನೋಡುವುದು. ಸಂಬಳದ ವಿಷಯವನ್ನು ಮುಜುಗರ ಅಂತ ಬಿಟ್ಟುಬಿಡಬೇಡಿ, ತಿಂಗಳ ಕೊನೆಗೆ ಸ್ಲಿಪ್ ನೋಡಿ ಗಾಬರಿಯಾಗುವವರು ಆಕೆ. ವರ್ಷದ ಅಪ್ರೈಸಲ್‌ನಲ್ಲಿ ರಜೆಯ ವಾರಗಳನ್ನು ಬಿಟ್ಟು, ದುಡಿದ ವಾರಗಳಿಗೆ ತಕ್ಕ ಗುರಿ ಇಡಿ. ಮಧ್ಯೆ ಒಂದೆರಡು ಕೆಟ್ಟ ವಾರ ಬಂದರೆ ಪ್ರಯೋಗ ಸೋತಿತು ಎಂದುಕೊಳ್ಳಬೇಡಿ, ಚೇತರಿಕೆ ಏರಿಳಿತದಲ್ಲೇ ಆಗುತ್ತದೆ.

ಇಷ್ಟಕ್ಕೂ ಮೊದಲು ಒಂದು ಫೋನ್ ಮಾಡಿ. ಆಕೆ ವಾಪಸ್ ಬರುವ ಸೋಮವಾರಕ್ಕೆ ಕಾಯಬೇಡಿ, ಈ ವಾರವೇ ಮಾಡಿ. ಸಹೋದ್ಯೋಗಿಗಳಿಗೆ ಏನು ಗೊತ್ತಾದರೆ ಪರವಾಗಿಲ್ಲ, ಏನು ಬೇಡ ಎಂದು ಆಕೆಯನ್ನೇ ಕೇಳಿ ಬರೆದುಕೊಳ್ಳಿ. ಮತ್ತೆ ಕುಗ್ಗುತ್ತಿದ್ದೇನೆ ಎನಿಸಿದಾಗ ನೀವು ಏನು ಮಾಡಬೇಕು, ಯಾರಿಗೆ ಕರೆ ಮಾಡಬೇಕು ಎಂಬುದನ್ನೂ ಆಗಲೇ ಕೇಳಿಕೊಳ್ಳಿ.